ಮನೆಯಲ್ಲೇ ಕಿತ್ತಳೆ, ನಿಂಬೆ ಎಕ್ಸ್‌ಟ್ರಾಕ್ಟ್: ಹಣ್ಣು ಆರಿಸುವುದರಿಂದ ಬಾಟಲಿ ತುಂಬುವವರೆಗೆ

ಕಿತ್ತಳೆ ಸುಲಿಯುವಾಗ ಸಿಪ್ಪೆಯನ್ನು ಮಡಚಿದರೆ ಸಣ್ಣಗೆ ಒಂದು ತುಂತುರು ಹಾರುತ್ತದೆ. ಕಣ್ಣಿಗೆ ಬಿದ್ದರೆ ಉರಿ. ಬೆರಳಿಗೆ ತಾಗಿದರೆ ಸೋಪು ಹಾಕಿ ತೊಳೆದರೂ ಘಮ ಬೇಗ ಹೋಗುವುದಿಲ್ಲ. ಅದು ರಸ ಅಲ್ಲ, ಎಣ್ಣೆ. ಕಿತ್ತಳೆ, ನಿಂಬೆ, ಮೂಸಂಬಿ, ಚಕ್ಕೋತ, ಯಾವುದೇ ಇರಲಿ, ಅದರ ನಿಜವಾದ ಪರಿಮಳ ಇರುವುದು ಸಿಪ್ಪೆಯ ಬಣ್ಣದ ಪದರದಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣುವ ಆ ಎಣ್ಣೆಯ ಚೀಲಗಳಲ್ಲಿ. ರಸದಲ್ಲಿ ಹುಳಿ, ಸಿಹಿ ಇರುತ್ತದೆ, ಘಮ ಕಮ್ಮಿ. ಕೇಕಿಗೆ ಒಂದು ಲೋಟ ಕಿತ್ತಳೆ ರಸ ಸುರಿದರೂ ಓವನ್ನಿಂದ ತೆಗೆದ ಮೇಲೆ ಕಿತ್ತಳೆ ಎಲ್ಲಿ ಅಂತ ಹುಡುಕಬೇಕಾಗುವುದು ಇದಕ್ಕೇ.

ನಮ್ಮಲ್ಲಿ ಕಿತ್ತಳೆ ಸಿಪ್ಪೆ ಗೊಜ್ಜು ಮಾಡುವ ಮನೆಗಳಿಗೆ ಸಿಪ್ಪೆಯ ಬೆಲೆ ಗೊತ್ತು. ಉಳಿದವರು ಸುಮ್ನೆ ಕಸದ ಬುಟ್ಟಿಗೆ ಹಾಕಿ, ಆಮೇಲೆ ಅಂಗಡಿಗೆ ಹೋಗಿ ಚಿಕ್ಕ ಬಾಟಲಿ ಆರೆಂಜ್ ಎಸೆನ್ಸ್ ತರುತ್ತೇವೆ. ಆ ಬಾಟಲಿಯ ಹಿಂದೆ ಬರೆದಿರುವುದನ್ನು ಒಮ್ಮೆ ಓದಿ. ಎಷ್ಟೋ ಎಸೆನ್ಸ್‌ಗಳಲ್ಲಿ ಇರುವುದು ಪ್ರೊಪಿಲೀನ್ ಗ್ಲೈಕಾಲ್ (ಫ್ಲೇವರ್ ಕರಗಿಸುವ ದ್ರವ), ನೀರು, ಕೃತಕ ಫ್ಲೇವರ್. ತಿನ್ನಬಾರದ್ದೇನಲ್ಲ, ಆದರೆ ಅದರ ರುಚಿ ಮಿಠಾಯಿಯದ್ದು, ಹಣ್ಣಿನದ್ದಲ್ಲ. ಮನೆಯಲ್ಲಿ ಸಿಪ್ಪೆಯನ್ನು ಮದ್ಯದಲ್ಲಿ ನೆನೆಸಿ ಮಾಡಿದ ಎಕ್ಸ್‌ಟ್ರಾಕ್ಟ್ ಅಷ್ಟು ಜೋರಾಗಿ ಹೊಡೆಯುವುದಿಲ್ಲ, ಮೆತ್ತಗಿರುತ್ತದೆ, ಆದರೆ ಮೂಸಿದ ತಕ್ಷಣ ಹಣ್ಣು ನೆನಪಾಗುತ್ತದೆ.

ಕೆಲಸ ಏನೂ ಕಷ್ಟದ್ದಲ್ಲ. ಸಿಪ್ಪೆ, ಮದ್ಯ, ಗಾಜಿನ ಬಾಟಲಿ, ಮೂರು ವಾರದ ತಾಳ್ಮೆ. ಆದರೆ ಇಂಟರ್ನೆಟ್ಟಿನಲ್ಲಿ ಸಿಗುವ ಅಳತೆಗಳೆಲ್ಲ ಅಮೆರಿಕದ ದೊಡ್ಡ ಹಳದಿ ಲೆಮನ್ ಇಟ್ಟುಕೊಂಡು ಬರೆದಿರುವಂಥವು. ನಮ್ಮ ನಿಂಬೆ ಚಿಕ್ಕದು, ಸಿಪ್ಪೆ ತೆಳು. ನಮ್ಮಲ್ಲಿ ಹೆಚ್ಚಾಗಿ ಸಿಗುವ ಕಿತ್ತಳೆಯ ಸಿಪ್ಪೆ ಸಡಿಲ. ಆ ಅಳತೆ, ಆ ವಿಧಾನ ಇಲ್ಲಿ ಹಾಗೇ ನಡೆಯುವುದಿಲ್ಲ. ಹಣ್ಣು ನೋಡಿಕೊಂಡು ಕೈ ಬದಲಾಯಿಸಬೇಕು. ಅದನ್ನೇ ಇಲ್ಲಿ ವಿವರವಾಗಿ ಹೇಳುತ್ತೇನೆ.

ಯಾವ ಹಣ್ಣು?

ಕೊಡಗಿನ ಕಿತ್ತಳೆ ಸಿಕ್ಕರೆ ಬೇರೆ ಯೋಚನೆಯೇ ಬೇಡ. ಕಾಫಿ ತೋಟಗಳ ನಡುವೆ ಬೆಳೆಯುವ ಈ ಹಣ್ಣಿಗೆ ಜಿಐ ಟ್ಯಾಗ್ (ಆ ಊರಿನದ್ದೇ ವಿಶೇಷ ಎಂಬ ಸರ್ಕಾರಿ ಗುರುತು) ಇದೆ. ನೋಡಲು ಹಸಿರು ಮಿಶ್ರಿತ ಹಳದಿ, ಅಂಗಡಿಯಲ್ಲಿ ಹೊಳೆಯುವ ಹಣ್ಣುಗಳ ಪಕ್ಕ ಇಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಸಿಪ್ಪೆ ನಾಗಪುರದ ಕಿತ್ತಳೆಯ ಹಾಗೆ ಜೋಲುವುದಿಲ್ಲ, ಹಣ್ಣಿಗೆ ಅಂಟಿಕೊಂಡಿರುತ್ತದೆ, ಆದ್ದರಿಂದ ಪೀಲರ್ ಹಿಡಿದು ಮೇಲಿನ ಪದರವನ್ನಷ್ಟೇ ತೆಗೆಯುವುದು ಸುಲಭ. ಘಮವೂ ಗಾಢ. ಬರೀ ಸಿಹಿ ಕಿತ್ತಳೆಯ ಘಮ ಅಲ್ಲ, ಸ್ವಲ್ಪ ಹೂವಿನ ಹಾಗೆ, ಸ್ವಲ್ಪ ಖಾರದ ಹಾಗೆ.

ನಾಗಪುರದ ಕಿತ್ತಳೆ ಎಲ್ಲ ಕಡೆ ಸಿಗುತ್ತದೆ, ಅಗ್ಗ ಕೂಡ. ತೊಂದರೆ ಅದರ ಸಡಿಲ ಸಿಪ್ಪೆ. ಪೀಲರ್ ಇಟ್ಟರೆ ಒಳಕ್ಕೆ ಕುಸಿಯುತ್ತದೆ, ಒಮ್ಮೊಮ್ಮೆ ತೊಳೆಗೇ ತಾಗಿ ರಸ ಸೋರುತ್ತದೆ. ಇದಕ್ಕೆ ಉಪಾಯ ಇದೆ. ಹಣ್ಣನ್ನು ಮೊದಲು ಸುಲಿದುಬಿಡಿ, ಸಿಪ್ಪೆಯನ್ನು ದೊಡ್ಡ ದೊಡ್ಡ ತುಂಡಾಗಿ ತೆಗೆಯಿರಿ. ಬಣ್ಣದ ಭಾಗ ಕೆಳಗೆ ಮಾಡಿ ಮಣೆಯ ಮೇಲೆ ಚಪ್ಪಟೆಯಾಗಿ ಇಟ್ಟು, ಚಮಚದ ಅಂಚಿನಿಂದ ಒಳಗಿನ ಬಿಳಿ ನಾರನ್ನು ಕೆರೆದು ತೆಗೆಯಿರಿ. ಈ ಸಿಪ್ಪೆಯಲ್ಲಿ ಬಿಳಿ ಭಾಗ ಮೊದಲೇ ತೆಳು, ಬೇಗ ಬರುತ್ತದೆ.

ದಪ್ಪ ಸಿಪ್ಪೆಯ ಇಂಪೋರ್ಟೆಡ್ ಆರೆಂಜ್ ಪೀಲರ್‌ಗೆ ಹೇಳಿ ಮಾಡಿಸಿದ ಹಾಗಿರುತ್ತದೆ, ಒಂದೇ ಹಣ್ಣಿನಿಂದ ಜಾಸ್ತಿ ಸಿಪ್ಪೆ ಬರುತ್ತದೆ. ಆದರೆ ಅದರ ಮೇಲೆ ಮೇಣ ಇರುತ್ತದೆ. ಬೂಷ್ಟು ಬರದ ಹಾಗೆ ಔಷಧಿಯನ್ನೂ ಹಚ್ಚಿರಬಹುದು. ನಾವು ಬಳಸುತ್ತಿರುವುದು ಅದೇ ಹೊರಮೈಯನ್ನು, ಅದೂ ವಾರಗಟ್ಟಲೆ ಮದ್ಯದಲ್ಲಿ ನೆನೆಸಿ. ಬೇರೆ ಹಣ್ಣು ಸಿಗುವುದಾದರೆ ಇದನ್ನು ಬಿಡಿ ಅನ್ನುತ್ತೇನೆ.

ನಿಂಬೆಯಲ್ಲಿ ತೆಳು ಸಿಪ್ಪೆಯ ರಸಭರಿತ ಕಾಗ್ಜಿ ನಿಂಬೆಯೇ ನಮಗೆ ಹೆಚ್ಚು ಸಿಗುವುದು. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಿಂಬೆಗೂ ಜಿಐ ಟ್ಯಾಗ್ ಇದೆ, ಘಮಕ್ಕೆ ಹೆಸರಾದದ್ದು. ಪೂರ್ತಿ ಹಸಿರಾಗಿರುವ ಕಾಯಿ ಬೇಡ, ಪೂರ್ತಿ ಹಳದಿಯಾಗಿ ಸಿಪ್ಪೆ ಮೆತ್ತಗಾದದ್ದೂ ಬೇಡ. ಹಸಿರಿನಿಂದ ಹಳದಿಗೆ ತಿರುಗುತ್ತಿರುವ, ಒತ್ತಿದರೆ ಗಟ್ಟಿಯಾಗಿರುವ ಹಣ್ಣು ಆರಿಸಿ. ಉಗುರಿನಿಂದ ಸಿಪ್ಪೆಯನ್ನು ಸ್ವಲ್ಪ ಗೀರಿ ಮೂಸಿ. ಘಮ ಮೂಗಿಗೆ ಹತ್ತಬೇಕು. ಹತ್ತದಿದ್ದರೆ ಆ ಹಣ್ಣಿನಿಂದ ಎಕ್ಸ್‌ಟ್ರಾಕ್ಟೂ ಹತ್ತುವುದಿಲ್ಲ.

ಇನ್ನೊಂದು ಹಣ್ಣಿದೆ, ಇದನ್ನು ಯಾವ ಬೇಕಿಂಗ್ ಪುಸ್ತಕವೂ ಹೇಳುವುದಿಲ್ಲ: ಹೇರಳೆಕಾಯಿ. ಚಿತ್ರಾನ್ನಕ್ಕೆ, ಉಪ್ಪಿನಕಾಯಿಗೆ ನಾವು ಬಳಸುವ ಅದೇ ಉಬ್ಬುತಗ್ಗಿನ ಸಿಪ್ಪೆಯ ದೊಡ್ಡ ಕಾಯಿ. ಅದರ ಮೇಲ್ಪದರದಲ್ಲಿ ಎಣ್ಣೆ ಧಾರಾಳ. ನಿಂಬೆಗಿಂತ ಆಳವಾದ, ಎಲೆಯ ಹಸಿರು ಬೆರೆತ ಘಮ. ಬೆಣ್ಣೆ ಬಿಸ್ಕತ್ತಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ದೇವನಹಳ್ಳಿ ಚಕ್ಕೋತದ ಹೊರಸಿಪ್ಪೆಯೂ ಚೆನ್ನಾಗಿರುತ್ತದೆ, ಆದರೆ ಅದರ ಬಿಳಿ ಭಾಗ ಬೆರಳು ದಪ್ಪ ಇರುತ್ತದೆ, ಪೀಲರ್ ತುಂಬಾ ಹಗುರವಾಗಿ ಓಡಿಸಬೇಕು. ಮೂಸಂಬಿ ಸಪ್ಪೆ. ಬೇರೆ ಏನೂ ಇಲ್ಲದಿದ್ದರೆ ಮಾತ್ರ.

ಜ್ಯೂಸ್ ಅಂಗಡಿಯಲ್ಲಿ ರಾಶಿ ಬಿದ್ದಿರುವ ಸಿಪ್ಪೆ ತರುವ ಯೋಚನೆ ಬೇಡ. ತೊಳೆಯದ ಹಣ್ಣು, ಬಿಸಿಲು, ನೊಣ.

ಯಾವ ಮದ್ಯ, ಏಕೆ ಮದ್ಯ?

ಸಿಪ್ಪೆಯ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಇಷ್ಟೇ ವಿಷಯ. ಜೊತೆಗೆ ಸಾಕಷ್ಟು ಆಲ್ಕೋಹಾಲ್ ಇರುವ ಕಡೆ ಬೂಷ್ಟು ಬರುವುದಿಲ್ಲ.

ಬಣ್ಣ, ರುಚಿ ಏನೂ ಬೆರೆಸದ ಸಾದಾ ವೋಡ್ಕಾ ಸಾಕು. ದುಬಾರಿಯದ್ದು ಬೇಕಿಲ್ಲ. ನಮ್ಮಲ್ಲಿ ಮಾರುವ ವೋಡ್ಕಾದಲ್ಲಿ ಸಾಮಾನ್ಯವಾಗಿ 42.8% ಆಲ್ಕೋಹಾಲ್ ಇರುತ್ತದೆ, ಲೇಬಲ್ಲಿನ ಮೇಲೆಯೇ ಬರೆದಿರುತ್ತಾರೆ. 180 ಎಂಎಲ್ ಕ್ವಾರ್ಟರ್ ಬಾಟಲಿ ಒಂದು ತಂದರೆ ಮೊದಲ ಸಲಕ್ಕೆ ಸರಿಹೋಗುತ್ತದೆ. ಕಿತ್ತಳೆಗೆ ಬಿಳಿ ರಮ್ಮೂ ಹೊಂದುತ್ತದೆ. ನಿಂಬೆಗೆ ಬೇಡ.

ಇಲ್ಲಿ ಒಂದು ವಿಷಯ ತಿಳಿದಿರಲಿ. ಕಿತ್ತಳೆ ಎಣ್ಣೆಯಲ್ಲಿ ನೂರಕ್ಕೆ 90 ಪಾಲಿಗಿಂತ ಹೆಚ್ಚು ಇರುವುದು ಲಿಮೊನೀನ್ ಎಂಬ ವಸ್ತು. 42.8% ವೋಡ್ಕಾದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುವುದರಿಂದ ಲಿಮೊನೀನ್ ಅದರಲ್ಲಿ ಸ್ವಲ್ಪವೇ ಕರಗುತ್ತದೆ. ನಿಂಬೆಗೆ ನಿಂಬೆಯ ಗುಣ ಕೊಡುವ ಸಿಟ್ರಾಲ್‌ನಂಥವು ಅದಕ್ಕಿಂತ ಚೆನ್ನಾಗಿ ಇಳಿಯುತ್ತವೆ. ಹಾಗಾಗಿ ವೋಡ್ಕಾದಲ್ಲಿ ಮಾಡಿದ್ದು ಯಾವತ್ತೂ ಮೃದು. ಎಷ್ಟು ತಿಂಗಳು ನೆನೆಸಿದರೂ ಒಂದು ಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ. ಅಮೆರಿಕ, ಯುರೋಪಿನಲ್ಲಿ ಇರುವವರಿಗೆ 95% ಹತ್ತಿರದ ಶುದ್ಧ ಧಾನ್ಯದ ಸ್ಪಿರಿಟ್ ಎಷ್ಟೋ ಕಡೆ ಅಂಗಡಿಯಲ್ಲೇ ಸಿಗುತ್ತದೆ. ಇಟಲಿಯಲ್ಲಂತೂ ಲಿಮೊಂಚೆಲ್ಲೊ ಎಂಬ ನಿಂಬೆ ಸಿಪ್ಪೆಯ ಸಿಹಿ ಮದ್ಯ ಮಾಡಲು ಮನೆಮನೆಯಲ್ಲೂ ಅದನ್ನೇ ಬಳಸುವುದು. ಅದರಲ್ಲಿ ಒಂದೇ ವಾರಕ್ಕೆ ಸಿಪ್ಪೆಯ ಬಣ್ಣವೆಲ್ಲ ಹೋಗಿ, ಬಾಗಿಸಿದರೆ ಚಟ್ ಅಂತ ಮುರಿಯುವಷ್ಟು ಗರಿಗರಿಯಾಗುತ್ತದೆ. ಆದರೆ ಒಲೆಯ ಹತ್ತಿರಕ್ಕೂ ತರಬೇಡಿ, ಆವಿಗೇ ಬೆಂಕಿ ಹಿಡಿಯುತ್ತದೆ.

ಮತ್ತೆ ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಸರ್, ಐಸೊಪ್ರೊಪೈಲ್ ಆಲ್ಕೋಹಾಲ್, ಲ್ಯಾಬಿನ ಸ್ಪಿರಿಟ್, ಯಾರೋ ಕ್ಯಾನಿನಲ್ಲಿ ತಂದುಕೊಡುವ ಸ್ಪಿರಿಟ್, ಇವು ಯಾವುವೂ ಅಡುಗೆಗಲ್ಲ. ಒಂದು ಹನಿಯೂ ಬೇಡ. ಮೆಥನಾಲ್ ಬೆರೆತಿದ್ದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಕುಡಿಯಲು ಎಂದು ಸೀಲ್ ಮಾಡಿ ಮಾರುವ ಬಾಟಲಿ ಮಾತ್ರ ಬಳಸಿ.

ಅಳತೆ ಮತ್ತು ಬಾಟಲಿ

180 ಎಂಎಲ್ ವೋಡ್ಕಾಕ್ಕೆ 35ರಿಂದ 40 ಗ್ರಾಂ ಸಿಪ್ಪೆ. ಬಿಳಿ ಭಾಗ ಇಲ್ಲದ, ಬರೀ ಬಣ್ಣದ ಸಿಪ್ಪೆಯ ತೂಕ ಇದು. ಮಧ್ಯಮ ಗಾತ್ರದ ಕಿತ್ತಳೆಯಾದರೆ ನಾಲ್ಕೈದು ಬೇಕಾಗುತ್ತದೆ. ನಿಂಬೆಯಾದರೆ ಹತ್ತು ಹನ್ನೆರಡು, ಸಣ್ಣದಿದ್ದರೆ ಇನ್ನೂ ಜಾಸ್ತಿ. ಹೇರಳೆಕಾಯಿ ಒಂದೆರಡು ಸಾಕು. ತಕ್ಕಡಿ ಇಲ್ಲದಿದ್ದರೆ ಬಾಟಲಿಯ ಮುಕ್ಕಾಲು ಭಾಗ ಸಿಪ್ಪೆಯನ್ನು ಸಡಿಲವಾಗಿ ತುಂಬಿ, ಮುಳುಗುವಷ್ಟು ವೋಡ್ಕಾ ಹಾಕಿ. ಲೆಕ್ಕ ಹೆಚ್ಚುಕಮ್ಮಿ ಸರಿಯಾಗಿರುತ್ತದೆ.

ಬಾಟಲಿ ಗಾಜಿನದ್ದೇ ಆಗಬೇಕು. ಏಕೆ ಅಂತ ನೋಡಬೇಕಾದರೆ ಒಂದು ಥರ್ಮೋಕೋಲ್ ತುಂಡಿನ ಮೇಲೆ ಕಿತ್ತಳೆ ಸಿಪ್ಪೆಯನ್ನು ಹಿಂಡಿ. ಎಣ್ಣೆ ಬಿದ್ದ ಕಡೆ ಥರ್ಮೋಕೋಲ್ ಕರಗಿ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಊದಿದ ಬಲೂನಿನ ಮೇಲೆ ಹಿಂಡಿದರೆ ಬಲೂನ್ ಒಡೆದೇ ಹೋಗಬಹುದು. ಇಂಥ ಎಣ್ಣೆಯನ್ನು ತಿಂಗಳುಗಟ್ಟಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡುವುದು ಬೇಡ ಅಲ್ವಾ? ಹಳೆ ಜಾಮ್ ಬಾಟಲಿ ನಡೆಯುತ್ತದೆ. ಉಪ್ಪಿನಕಾಯಿ ಬಾಟಲಿ ಬೇಡ, ಗಾಜು ಎಷ್ಟು ತೊಳೆದರೂ ಮುಚ್ಚಳದ ಒಳಗಿನ ರಬ್ಬರಿನಲ್ಲಿ ಇಂಗು, ಮೆಂತ್ಯದ ವಾಸನೆ ಕೂತಿರುತ್ತದೆ. ಬಿಸಿ ನೀರಿನಲ್ಲಿ ತೊಳೆದು, ಬೋರಲು ಹಾಕಿ, ಒಳಗೆ ಒಂದು ಹನಿ ನೀರೂ ಇಲ್ಲದ ಹಾಗೆ ಒಣಗಿಸಿ.

ಹಣ್ಣು ತೊಳೆಯುವುದು

ನಲ್ಲಿ ಕೆಳಗೆ ಹಿಡಿದು ತೆಗೆದರೆ ಸಾಲದು. ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಣ್ಣನ್ನು ಹತ್ತು ನಿಮಿಷ ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ತೊಟ್ಟಿನ ಸುತ್ತ ಮಣ್ಣು ಸೇರಿಕೊಂಡಿರುತ್ತದೆ, ಅಲ್ಲಿ ಗಮನ ಕೊಡಿ. ಮೇಣದ ಹಣ್ಣಾದರೆ ಮೊದಲು ಚೆನ್ನಾಗಿ ಕಾದ ನೀರನ್ನು ಅದರ ಮೇಲೆ ಸುರಿದು ಕೂಡಲೇ ಉಜ್ಜಿ. ಬಿಸಿನೀರಿನಲ್ಲಿ ಬಿಟ್ಟು ಮರೆಯಬೇಡಿ, ನಮಗೆ ಬೇಕಾದ ಎಣ್ಣೆಯೇ ಅಲ್ಲಿ ಹೊರಟುಹೋಗುತ್ತದೆ. ಆಮೇಲೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಅರ್ಧ ಗಂಟೆ ಇಡಿ. ಒದ್ದೆ ಸಿಪ್ಪೆ ಹಾಕಿದರೆ ವೋಡ್ಕಾ ಇನ್ನಷ್ಟು ತೆಳುವಾಗುತ್ತದೆ.

ಸಿಪ್ಪೆ ತೆಗೆಯುವುದು: ಇಡೀ ಕೆಲಸದ ಜೀವ ಇರುವುದು ಇಲ್ಲಿ

ಹಣ್ಣು ಕತ್ತರಿಸುವ ಮೊದಲೇ ಸಿಪ್ಪೆ ತೆಗೆಯಬೇಕು. ರಸ ಹಿಂಡಿದ ನಿಂಬೆ ಹೋಳಿನಿಂದ ಆಮೇಲೆ ತೆಗೆಯೋಣ ಎಂದರೆ ಆಗುವುದಿಲ್ಲ. ಹಿಂಡುವಾಗಲೇ ಎಣ್ಣೆಯ ಚೀಲಗಳು ಒಡೆದುಹೋಗಿರುತ್ತವೆ, ಜೋತುಬಿದ್ದ ಸಿಪ್ಪೆಗೆ ಪೀಲರ್ ಹಿಡಿಯುವುದೂ ಇಲ್ಲ.

ತುರಿಯುವುದೋ, ಪಟ್ಟಿಯಾಗಿ ಹೆರೆಯುವುದೋ? ತುರಿದರೆ ಎಣ್ಣೆ ಬೇಗ ಬಿಡುತ್ತದೆ, ಆದರೆ ಅರ್ಧ ಎಣ್ಣೆ ತುರಿಯುವ ಮಣೆಗೇ ಅಂಟಿ, ಗಾಳಿಗೂ ಹೋಗುತ್ತದೆ. ಸೋಸುವುದೂ ತಲೆನೋವು. ನನ್ನ ಮಾತು ಕೇಳುವುದಾದರೆ, ದೊಡ್ಡ ಹಣ್ಣಿಗೆ ಪೀಲರ್, ಸಣ್ಣ ನಿಂಬೆಗೆ ತುರಿಯುವ ಮಣೆಯ ಅತಿ ಸಣ್ಣ ತೂತಿನ ಬದಿ. ನಿಂಬೆಯನ್ನು ಒಂದೇ ಜಾಗದಲ್ಲಿ ಎರಡು ಸಲಕ್ಕಿಂತ ಜಾಸ್ತಿ ಉಜ್ಜಬೇಡಿ, ತಿರುಗಿಸುತ್ತಾ ಹೋಗಿ. ಬಿಳಿ ಕಂಡ ಕೂಡಲೇ ನಿಲ್ಲಿಸಿ.

ಪೀಲರ್ ಬಳಸುವಾಗ ತೊಟ್ಟಿನ ಕಡೆಯಿಂದ ಕೆಳಕ್ಕೆ, ಹಗುರವಾಗಿ, ಒತ್ತಡ ಹಾಕದೆ ಎಳೆಯಿರಿ. ಪಟ್ಟಿ ತೆಗೆದ ಮೇಲೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಕಂಡರೆ, ಬಣ್ಣ ಆಚೆಯಿಂದ ಈಚೆಗೆ ತೋರುತ್ತಿದ್ದರೆ ಸರಿಯಾಗಿದೆ. ಹಿಂಬದಿ ಹತ್ತಿಯ ಹಾಗೆ ಬಿಳಿಯಾಗಿದ್ದರೆ ಆಳ ಜಾಸ್ತಿಯಾಯಿತು. ಅಂಥ ಪಟ್ಟಿಯನ್ನು ಮಣೆಯ ಮೇಲೆ ಬಣ್ಣದ ಭಾಗ ಕೆಳಗಾಗಿ ಇಟ್ಟು, ಚೂಪು ಚಾಕುವನ್ನು ಮಣೆಗೆ ಸಮವಾಗಿ ಮಲಗಿಸಿ, ಬಿಳಿಯನ್ನು ಸವರಿ ತೆಗೆಯಿರಿ. ಬೇಸರದ ಕೆಲಸ, ಹೌದು. ಆದರೆ ಕಹಿ ಬರುವುದು ಈ ಬಿಳಿಯಿಂದಲೇ. ಅದರಲ್ಲಿರುವ ನರಿಂಜಿನ್, ಲಿಮೊನಿನ್‌ನಂಥ (ಇದು ಮೇಲೆ ಹೇಳಿದ ಲಿಮೊನೀನ್ ಅಲ್ಲ) ಕಹಿ ಪದಾರ್ಥಗಳು ಮದ್ಯಕ್ಕೆ ಇಳಿದ ಮೇಲೆ ವಾಪಸ್ ತೆಗೆಯುವ ದಾರಿಯೇ ಇಲ್ಲ. ಸಕ್ಕರೆ ಹಾಕಿದರೂ ನಾಲಿಗೆಯ ಹಿಂದೆ ಕಹಿ ನಿಲ್ಲುತ್ತದೆ.

ನಿಂಬೆ ತುರಿದ ಮೇಲೆ ಕೈಯನ್ನು ಸೋಪು ಹಾಕಿ ಚೆನ್ನಾಗಿ ತೊಳೆದುಕೊಳ್ಳಿ, ಬಿಸಿಲಿಗೆ ಹೋಗುವ ಮೊದಲು. ಇದನ್ನು ಯಾರೂ ಹೇಳುವುದಿಲ್ಲ. ನಿಂಬೆ ಸಿಪ್ಪೆಯ ಎಣ್ಣೆಯಲ್ಲಿರುವ ಕೆಲವು ಪದಾರ್ಥಗಳು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳಬಹುದು, ಕಪ್ಪು ಕಲೆ ವಾರಗಟ್ಟಲೆ ಉಳಿಯಬಹುದು. ಮಕ್ಕಳು ಸಹಾಯಕ್ಕೆ ಕೂತಿದ್ದರೆ ಅವರ ಕೈಯನ್ನೂ ತೊಳೆಸಿ.

ನೆನೆಸುವುದು

ಪಟ್ಟಿಗಳನ್ನು ಬಾಟಲಿಗೆ ಹಾಕುವ ಮುಂಚೆ ಬೆರಳಿನಲ್ಲಿ ಒಮ್ಮೆ ತಿರುಚಿ, ಬಾಟಲಿಯ ಬಾಯಿಯ ಮೇಲೆಯೇ. ಹಾರುವ ಎಣ್ಣೆ ಒಳಗೇ ಬೀಳಲಿ. ಆಮೇಲೆ ವೋಡ್ಕಾ ಸುರಿಯಿರಿ. ಎಲ್ಲ ಸಿಪ್ಪೆ ಮುಳುಗಿರಬೇಕು. ಮೇಲೆ ತೇಲಿ ಗಾಳಿಗೆ ತಾಗುವ ತುಂಡು ಕಂದಾಗುತ್ತದೆ, ರುಚಿಯೂ ಕೆಡುತ್ತದೆ. ಮುಚ್ಚಳ ಬಿಗಿ ಮಾಡಿ, ತಾರೀಕು ಬರೆದು ಅಂಟಿಸಿ, ಕತ್ತಲಿನ ಕಪಾಟಿನಲ್ಲಿಡಿ. ಬಿಸಿಲಿಗೆ ಇಟ್ಟರೆ ಬೇಗ ಆಗುತ್ತದೆ ಎಂದು ಕೆಲವರು ಹೇಳುತ್ತಾರೆ. ಉಪ್ಪಿನಕಾಯಿಗೆ ಆ ಮಾತು ಸರಿ, ಇದಕ್ಕಲ್ಲ. ಬೆಳಕು, ಬಿಸಿ ಎರಡೂ ಸಿಪ್ಪೆಯ ಎಣ್ಣೆಗೆ ಶತ್ರು. ಬಾಟಲಿಯನ್ನು ಒಲೆಯ ಮೇಲೆ ಬಿಸಿ ಮಾಡುವುದಂತೂ ಅಪಾಯ, ಅದರ ಮಾತೇ ಬೇಡ.

ಮೊದಲ ವಾರ ದಿನಕ್ಕೊಮ್ಮೆ ಬಾಟಲಿ ಅಲ್ಲಾಡಿಸಿ. ಎರಡು ಮೂರು ದಿನಕ್ಕೇ ಬಣ್ಣ ಇಳಿಯಲು ಶುರುವಾಗುತ್ತದೆ. ಕಿತ್ತಳೆ ತಿಳಿ ಕೇಸರಿ, ನಿಂಬೆ ಹಸಿರು ಹಳದಿ. ಬಣ್ಣ ನೋಡಿ ಆಯಿತು ಎಂದುಕೊಳ್ಳಬೇಡಿ, ಬಣ್ಣ ಬಂದ ಮೇಲೂ ಘಮ ಇಳಿಯುವುದು ನಡೆದೇ ಇರುತ್ತದೆ.

ಈಗ ಈ ಇಡೀ ಬರಹದಲ್ಲಿ ನನಗೆ ತುಂಬಾ ಮುಖ್ಯ ಅನಿಸುವ ಉಪಾಯ. ವೋಡ್ಕಾ ಮೃದು ಅಂದೆನಲ್ಲ, ಅದಕ್ಕೆ ಮದ್ದು ಇದೇ. ಹತ್ತು ದಿನ ಆದ ಮೇಲೆ ಸಿಪ್ಪೆಯನ್ನೆಲ್ಲ ಸೋಸಿ ತೆಗೆದು, ಅದೇ ವೋಡ್ಕಾಕ್ಕೆ ಹೊಸದಾಗಿ ಹೆರೆದ 25 ಗ್ರಾಂ ಸಿಪ್ಪೆ ಹಾಕಿ, ಇನ್ನು ಹತ್ತು ದಿನ ಇಡಿ. ಒಂದೇ ಸಿಪ್ಪೆಯನ್ನು ಎರಡು ತಿಂಗಳು ನೆನೆಸುವುದಕ್ಕಿಂತ ಇದು ಎಷ್ಟೋ ಒಳ್ಳೆಯದು. ಹಳೆ ಸಿಪ್ಪೆಯಲ್ಲಿ ಮೊದಲು ಬರುವುದು ಘಮ, ಆಮೇಲೆ ಬರುವುದು ಕಹಿ. ಕಹಿ ಬರುವ ಮುಂಚೆ ಅದನ್ನು ಹೊರಗೆ ಕಳಿಸಿ ಹೊಸದನ್ನು ಹಾಕಿದರೆ ಎರಡು ಸಲದ ಘಮ ಸಿಗುತ್ತದೆ, ಕಹಿ ಸಿಗುವುದಿಲ್ಲ.

ಒಟ್ಟು ಮೂರು ವಾರ. ವೆನಿಲ್ಲಾ ಎಕ್ಸ್‌ಟ್ರಾಕ್ಟಿನ ಹಾಗೆ ಇದಕ್ಕೆ ತಿಂಗಳುಗಟ್ಟಲೆ ಬೇಡ.

ಆಯಿತೋ ಇಲ್ಲವೋ ನೋಡುವುದು ಹೇಗೆ? ಬಾಟಲಿಯಿಂದ ನೇರವಾಗಿ ನಾಲಿಗೆಗೆ ಹಾಕಿದರೆ ಮದ್ಯದ ಖಾರ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ. ಅರ್ಧ ಲೋಟ ಬೆಚ್ಚಗಿನ ಹಾಲಿಗೆ ಸ್ವಲ್ಪ ಸಕ್ಕರೆ, ಕಾಲು ಚಮಚ ಎಕ್ಸ್‌ಟ್ರಾಕ್ಟ್ ಹಾಕಿ ಕುಡಿದು ನೋಡಿ. ಹಾಲಿನಲ್ಲಿ ಘಮವೂ ಬಿಚ್ಚಿಕೊಳ್ಳುತ್ತದೆ, ಕಹಿ ಇದ್ದರೆ ಅದೂ ಗೊತ್ತಾಗುತ್ತದೆ.

ಸೋಸಿ ತುಂಬುವುದು

ಮೊದಲು ಟೀ ಜಾಲರಿಯಲ್ಲಿ, ಆಮೇಲೆ ಹಳೆ ಪಂಚೆಯ ತೆಳು ಬಟ್ಟೆಯನ್ನು ಎರಡು ಮಡಿಕೆ ಮಾಡಿ ಅದರಲ್ಲಿ. ಬಟ್ಟೆಗೆ ಸೋಪಿನ ವಾಸನೆ ಇರಬಾರದು. ಹಿಂಡಬೇಡಿ, ತಾನಾಗಿ ಇಳಿಯಲಿ. ಹಿಂಡಿದರೆ ಕಹಿಯೂ ಗಸಿಯೂ ಬರುತ್ತದೆ. ತುರಿದು ಮಾಡಿದ್ದಾದರೆ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಕೆಳಗೆ ಕೂತದ್ದನ್ನು ಕಲಕದೆ ಮೇಲಿನದ್ದನ್ನು ಬಗ್ಗಿಸಿಕೊಳ್ಳಿ.

ಕಂದು ಬಣ್ಣದ ಚಿಕ್ಕ ಬಾಟಲಿಗಳಿಗೆ ಕುತ್ತಿಗೆವರೆಗೆ ತುಂಬಿ. ಅರ್ಧ ಖಾಲಿ ಬಾಟಲಿಯಲ್ಲಿ ಗಾಳಿ ಜಾಸ್ತಿ, ಗಾಳಿಯಿಂದ ಎಣ್ಣೆ ಕೆಡುತ್ತದೆ. ಆದ್ದರಿಂದ ಒಂದು ದೊಡ್ಡದಕ್ಕಿಂತ ಎರಡು ಚಿಕ್ಕದು ಒಳ್ಳೆಯದು. ಮೇಲೆ ಎಣ್ಣೆಯ ತೆಳು ಪೊರೆ ತೇಲಿದರೆ ಗಾಬರಿ ಬೇಡ, ಅದು ಕರಗದೆ ಉಳಿದ ಸಿಪ್ಪೆಯ ಎಣ್ಣೆ, ಬಂಗಾರ. ಬಳಸುವ ಮೊದಲು ಅಲ್ಲಾಡಿಸಿ. ತಂಪು, ಕತ್ತಲಿನ ಜಾಗದಲ್ಲಿ ಒಂದು ವರ್ಷ ಕೆಡುವುದಿಲ್ಲ, ಆದರೆ ಘಮ ಚೆನ್ನಾಗಿರುವುದು ಮೊದಲ ಆರೇಳು ತಿಂಗಳು. ಬಣ್ಣದ ಡಬ್ಬಿ ತೆರೆದಾಗ ಬರುವ ಟರ್ಪೆಂಟೈನ್ ಥರದ ವಾಸನೆ ಬಂದರೆ ಎಣ್ಣೆ ಹಳಸಿದೆ, ಚೆಲ್ಲಿಬಿಡಿ.

ಮನೆಯಲ್ಲಿ ಮದ್ಯ ಬೇಡ ಎಂದರೆ

ಎಷ್ಟೋ ಮನೆಗಳಲ್ಲಿ ಅಡುಗೆಮನೆಗೆ ಮದ್ಯ ತರುವ ಹಾಗಿಲ್ಲ. ನೈವೇದ್ಯಕ್ಕೆ ಮಾಡುವ ಸಿಹಿಗೆ ಹಾಕುವ ಪ್ರಶ್ನೆಯೇ ಇಲ್ಲ. ಇಂಥ ಮನೆಗಳಿಗೆ ಗ್ಲಿಸರಿನ್‌ನಲ್ಲಿ ಮಾಡಿ ಎಂದು ಹೇಳುವುದು ರೂಢಿ. ಆಹಾರಕ್ಕೆ ಬಳಸುವಂಥ ಗ್ಲಿಸರಿನ್ ಮೂರು ಪಾಲು, ನೀರು ಒಂದು ಪಾಲು, ಐದಾರು ವಾರ. ಮೆಡಿಕಲ್ ಸ್ಟೋರಿನಲ್ಲಿ ಚರ್ಮಕ್ಕೆ ಹಚ್ಚಲು ಕೊಡುವುದು ಬೇಡ. ಆದರೆ ಗ್ಲಿಸರಿನ್‌ಗೆ ಈ ಎಣ್ಣೆಯನ್ನು ಎಳೆಯುವ ಶಕ್ತಿ ಕಮ್ಮಿ, ನನಗೆ ಅದು ಯಾವತ್ತೂ ಸಪ್ಪೆ ಅನಿಸಿದೆ.

ಅದಕ್ಕಿಂತ ಸಕ್ಕರೆ ಸಾವಿರ ಪಾಲು ಮೇಲು. ಒಂದು ಕಪ್, ಅಂದರೆ ಸುಮಾರು 200 ಗ್ರಾಂ ಸಕ್ಕರೆಗೆ ಎರಡು ಕಿತ್ತಳೆಯ ಅಥವಾ ನಾಲ್ಕೈದು ನಿಂಬೆಯ ತುರಿದ ಸಿಪ್ಪೆ ಹಾಕಿ, ಬೆರಳ ತುದಿಯಲ್ಲಿ ಐದು ನಿಮಿಷ ಉಜ್ಜಿ. ಹರಳುಗಳ ಚೂಪಿಗೆ ಎಣ್ಣೆಯ ಚೀಲ ಒಡೆದು, ಸಕ್ಕರೆ ಒದ್ದೆ ಮರಳಿನಂತಾಗಿ, ಬಣ್ಣ ತಿರುಗಿ, ಅಡುಗೆಮನೆ ತುಂಬಾ ಘಮ ಹಬ್ಬುತ್ತದೆ. ತಟ್ಟೆಯಲ್ಲಿ ಹರಡಿ ಫ್ಯಾನ್ ಕೆಳಗೆ ರಾತ್ರಿಯಿಡೀ ಒಣಗಿಸಿ, ಗಂಟು ಒಡೆದು ಗಾಜಿನ ಬಾಟಲಿಗೆ ತುಂಬಿ. ಕೇಸರಿಬಾತಿಗೆ, ರವೆ ಉಂಡೆಗೆ, ಕೇಕಿಗೆ ಸಕ್ಕರೆಯ ಒಂದು ಭಾಗವಾಗಿ ಇದನ್ನು ಹಾಕಿ.

ದ್ರವವೇ ಬೇಕಾದರೆ, ಸಿಪ್ಪೆಯ ಪಟ್ಟಿಗಳಿಗೆ ಅಷ್ಟೇ ತೂಕದ ಸಕ್ಕರೆ ಹಾಕಿ, ಕುಟ್ಟಾಣಿಯಿಂದ ಸ್ವಲ್ಪ ಜಜ್ಜಿ, ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ತಳದಲ್ಲಿ ಗಟ್ಟಿ ಪಾಕ ನಿಂತಿರುತ್ತದೆ. ಕರಗದ ಸಕ್ಕರೆ ಇದ್ದರೆ ಒಂದೆರಡು ಚಮಚ ಬಿಸಿನೀರು ಹಾಕಿ ಕಲಸಿ ಸೋಸಿಕೊಳ್ಳಿ. ಫ್ರಿಜ್ಜಿನಲ್ಲಿಟ್ಟು ಹತ್ತು ದಿನದೊಳಗೆ ಮುಗಿಸಿ.

ಅಡುಗೆ ಎಣ್ಣೆಯಲ್ಲಿ ಹಸಿ ಸಿಪ್ಪೆ ನೆನೆಸಿ ಹೊರಗಿಡುವುದು ಬೇಡ. ಹಸಿ ಸಿಪ್ಪೆಯಲ್ಲಿ ನೀರಿನಂಶ ಇರುತ್ತದೆ, ಎಣ್ಣೆಯ ಕೆಳಗೆ ಗಾಳಿ ಇರುವುದಿಲ್ಲ, ಬಾಟ್ಯುಲಿಸಂ ಎಂಬ ಜೀವ ತೆಗೆಯಬಲ್ಲ ಆಹಾರ ವಿಷ ತರುವ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಅಂಥ ಜಾಗವೇ. ಸಿಪ್ಪೆಯನ್ನು ಪೂರ್ತಿ ಒಣಗಿಸಿ, ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು ಒಂದು ವಾರದಲ್ಲಿ ಖಾಲಿ ಮಾಡುವುದಾದರೆ ಸರಿ.

ಎಲ್ಲಿ, ಎಷ್ಟು?

200 ಗ್ರಾಂ ಮೈದಾದ ಕೇಕಿಗೆ ಎರಡು ಟೀ ಚಮಚ. ಬೆಣ್ಣೆ, ಸಕ್ಕರೆ ನೊರೆಸುವಾಗಲೇ ಹಾಕಿ. ಘಮದ ಎಣ್ಣೆ ಬೆಣ್ಣೆಯ ಕೊಬ್ಬಿನಲ್ಲಿ ಸೇರಿಕೊಂಡರೆ ಓವನ್ನಿನ ಬಿಸಿಗೆ ಅಷ್ಟು ಬೇಗ ಹಾರುವುದಿಲ್ಲ. ಬೆಣ್ಣೆ ಬಿಸ್ಕತ್ತಿಗೆ, ಐಸಿಂಗಿಗೆ ಒಂದು ಚಮಚ. ಪಾಕವಿಧಾನದಲ್ಲಿ ಒಂದು ಚಮಚ ಸಿಪ್ಪೆ ತುರಿ ಎಂದಿದ್ದರೆ ಅದರ ಬದಲು ಅರ್ಧದಿಂದ ಒಂದು ಚಮಚ ಇದನ್ನು ಹಾಕಿ ನೋಡಿ.

ನಮ್ಮ ಸಿಹಿತಿಂಡಿಗಳಲ್ಲಿ ಇದರ ನಿಜವಾದ ಲಾಭ ಇರುವುದು ಹಾಲಿನ ಜೊತೆ. ಹಾಲಿಗೆ ನಿಂಬೆರಸ ಹಾಕಿದರೆ ಒಡೆಯುತ್ತದೆ, ಎಲ್ಲರಿಗೂ ಗೊತ್ತು. ಎಕ್ಸ್‌ಟ್ರಾಕ್ಟಿನಲ್ಲಿ ಹುಳಿ ಇಲ್ಲ. ಆದ್ದರಿಂದ ಬಾಸುಂದಿಗೆ, ಶಾವಿಗೆ ಪಾಯಸಕ್ಕೆ, ಕಸ್ಟರ್ಡಿಗೆ ನಿಂಬೆಯ ಘಮವನ್ನು ಹಾಲು ಒಡೆಯುವ ಭಯವಿಲ್ಲದೆ ಸೇರಿಸಬಹುದು. ಅರ್ಧ ಲೀಟರ್ ಹಾಲಿನ ಪಾಯಸಕ್ಕೆ ಒಂದು ಚಮಚ, ಒಲೆ ಆರಿಸಿ ಕೈ ತಾಗಿಸುವಷ್ಟು ಆರಿದ ಮೇಲೆ. ಕುದಿಯುವಾಗ ಹಾಕಿದರೆ ಘಮವೆಲ್ಲ ಹಬೆಯಲ್ಲಿ ಹೋಗಿ ಮನೆಗೆ ಪರಿಮಳ, ಪಾಯಸಕ್ಕೆ ಏನಿಲ್ಲ. ಶ್ರೀಖಂಡಕ್ಕೆ ಏಲಕ್ಕಿ ಬಿಟ್ಟು ಹೇರಳೆಕಾಯಿಯದ್ದು ಅರ್ಧ ಚಮಚ ಹಾಕಿ ನೋಡಿ. ಪಾಯಸ, ಶ್ರೀಖಂಡದಂಥವುಗಳಲ್ಲಿ ಮದ್ಯದ ಅಂಶ ಉಳಿದೇ ಇರುತ್ತದೆ, ಹಾಗಾಗಿ ಮಕ್ಕಳಿಗೆ, ಬೇಡ ಎನ್ನುವವರಿಗೆ ಸಿಪ್ಪೆ ಸಕ್ಕರೆಯಲ್ಲೇ ಮಾಡಿ. ನೆಂಟರಿಗೆ ಬಡಿಸುವಾಗ ಹೇಳಿಯೇ ಬಡಿಸಿ.

ಕರಗಿಸಿದ ಚಾಕೊಲೇಟಿಗೆ ನೇರವಾಗಿ ಹಾಕಬೇಡಿ, ಒಂದು ಚಮಚ ನೀರಿನಂಶಕ್ಕೇ ಅದು ಗಟ್ಟಿ ಮುದ್ದೆಯಾಗುತ್ತದೆ. ಕ್ರೀಮ್ ಸೇರಿಸಿ ಗನಾಶ್ ಮಾಡುವಾಗ ಕ್ರೀಮಿನ ಜೊತೆ ಸೇರಿಸಿ.

ಉಳಿದದ್ದು

ಸಿಪ್ಪೆ ಹೆರೆದ ಹಣ್ಣು ಬೇಗ ಒಣಗುತ್ತದೆ, ರಕ್ಷಣೆಯೇ ಹೋಗಿದೆಯಲ್ಲ. ಕಿತ್ತಳೆಯನ್ನು ಅವತ್ತೇ ತಿನ್ನಿ. ನಿಂಬೆ ಉಪ್ಪಿನಕಾಯಿಗೆ ಬರುವುದಿಲ್ಲ, ಚಿತ್ರಾನ್ನಕ್ಕೆ, ಪಾನಕಕ್ಕೆ ಸರಿ. ಹನ್ನೆರಡು ನಿಂಬೆಯ ರಸ ಒಂದೇ ದಿನ ಖರ್ಚಾಗುವುದಿಲ್ಲ, ಆದ್ದರಿಂದ ಹಿಂಡಿ, ಬೀಜ ಸೋಸಿ, ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಕವರಿಗೆ ತುಂಬಿಟ್ಟರೆ ಬೇಸಿಗೆಯಲ್ಲಿ ಒಂದೊಂದೇ ತುಂಡು ತೆಗೆದು ಶರಬತ್ತು ಮಾಡಬಹುದು. ನೆನೆಸಿ ತೆಗೆದ ಸಿಪ್ಪೆಯಲ್ಲಿ ಇನ್ನೂ ಸ್ವಲ್ಪ ಘಮ ಉಳಿದಿರುತ್ತದೆ. ಒಲೆಯಿಂದ ದೂರ, ಗಾಳಿಯಾಡುವ ಕಡೆ ತಟ್ಟೆಯಲ್ಲಿ ಹರಡಿ ಗರಿಗರಿಯಾಗುವವರೆಗೆ ಒಣಗಿಸಿ, ಎರಡರಷ್ಟು ಸಕ್ಕರೆ ಜೊತೆ ಮಿಕ್ಸಿಯಲ್ಲಿ ಪುಡಿ ಮಾಡಿಕೊಂಡರೆ ಬಿಸ್ಕತ್ತಿನ ಮೇಲೆ ಉದುರಿಸಲು ಆಗುತ್ತದೆ.